ಇಟಲಿ ಬೈಕು ಮತ್ತು ನಿಂಬೆಹಣ್ಣು

ಆಯುಧಪೂಜೆಯ ಬೆಳಿಗ್ಗೆ, ವಾಮನರಾಯರು ಊರೂರು ಹುಡುಕಿ ಕೊಂಡುತಂದ ಹಳೆಯ ಇಟಲಿ ರೇಸ್ ಬೈಕಿನ ಚಕ್ರದಡಿ ಕುಳಿತಿದ್ದ ನಿಂಬೆಹಣ್ಣು ಕೇಳಿತು: "ಸ್ವಾಮಿ, ತಮ್ಮ ವೇಗವೆಷ್ಟು?"

"ಗಾಳಿಯೇ ಹಿಂದೆ ಬೀಳುತ್ತದೆ," ಎಂದಿತು ಬೈಕು. "ರಾಯರು ಈಗ ನನ್ನನ್ನು ಹತ್ತುತ್ತಾರೆ, ನೀನು ಅಪ್ಪಚ್ಚಿಯಾಗುತ್ತೀಯೆ. ಭಯವಿಲ್ಲವೆ?"

"ಭಯವೇಕೆ? ತಾವು ಹೊರಡುವುದನ್ನು ಎಲ್ಲರಿಗಿಂತ ಮೊದಲು ನೋಡುವುದು ನಾನೇ ಅಲ್ಲವೆ?"

ರಾಯರು ಬಂದು ಮಂಗಳಾರತಿ ಎತ್ತಿದರು, ಕೆಂಪು ಟ್ಯಾಂಕನ್ನು ಹೊದ್ದ ಶಲ್ಯದಿಂದಲೇ ಒರೆಸಿದರು. ಆಮೇಲೆ ಟೈರಿಗೆ ಹುಳಿ ತಾಗೀತೆಂದು ನಿಂಬೆಹಣ್ಣನ್ನು ಎತ್ತಿ ಪಕ್ಕದ ಹಳೇ ಸ್ಕೂಟರಿನ ಚಕ್ರದಡಿ ಇಟ್ಟರು. ಬೈಕಿಗೆ ಹೊದಿಕೆ ಹೊದಿಸಿ, ಸ್ಕೂಟರು ಹತ್ತಿ, ನಿಂಬೆಹಣ್ಣಿನ ಮೇಲೆ ಪಚಕ್ಕನೆ ಹಾಯಿಸಿಕೊಂಡು ಪೇಟೆಗೆ ಹೊರಟರು.

ಸಂಜೆ ಸ್ಕೂಟರು ಧೂಳು ಮೆತ್ತಿಕೊಂಡು ಮರಳಿದಾಗ ಅದರ ಚಕ್ರದಲ್ಲಿ ನಿಂಬೆಯ ವಾಸನೆ ಇನ್ನೂ ಇತ್ತು. ಹೊದಿಕೆಯೊಳಗಿಂದ ಬೈಕು ಮೆಲ್ಲಗೆ ಕೇಳಿತು: "ಅಣ್ಣಾ, ಪೇಟೆಯ ರಸ್ತೆ ಹೇಗಿದೆ?"