ತಲೆಕೆಳಗಾದ ಗಿಳಿಯ ಸಂಚಿ

ಒಂದಾನೊಂದು ಕಾಲದಲ್ಲಿ, ಕಾಗೆಗೆ ಇನ್ನೂ ಕಪ್ಪು ಬಣ್ಣ ಹಚ್ಚಿರದ ಕಾಲ ಅಂತಿಟ್ಕೋ, ಹೊಳೆದಂಡೆ ಊರಲ್ಲಿ ಬೋರಣ್ಣ ಅಂತ ಒಬ್ಬ ಸಿಂಪಿಗ ಇದ್ದನಂತೆ. ಬಟ್ಟೆ ಹೊಲಿಯೋದು, ಮರದ ಅಚ್ಚನ್ನ ಬಣ್ಣಕ್ಕೆ ಅದ್ದಿ ಬಟ್ಟೆ ಮೇಲೆ ಒತ್ತೋದು ಅವನ ಕಸುಬು. ಅವನ ಕೈಚಳಕ ಏನಂತ ಹೇಳಲಿ ಕೂಸೇ, ಮಲ್ಲಿಗೆ ಅಚ್ಚು ಒತ್ತಿದರೆ ಜೇನುನೊಣ ಬಂದು ಕೂರೋವಂತೆ, ಮೀನಿನ ಅಚ್ಚು ಒತ್ತಿದರೆ ಊರ ಬೆಕ್ಕೆಲ್ಲ ಜಗಲೀಲಿ ಸಾಲುಗಟ್ಟೋವಂತೆ. ಗಿಳಿ ಒತ್ತಿದರಂತೂ ಬಣ್ಣ ಒಣಗೋದೇ ತಡ, ರೆಕ್ಕೆ ಬಡಿಯೋದಂತೆ. ಅದಕ್ಕೇ ಆ ಊರಲ್ಲಿ ಹೆಣ್ಣುಮಗಳು ಗಂಡನ ಮನೆಗೆ ಹೊರಟರೆ ತವರ ಸಂಚಿ ಕೊಡೋದು ಪದ್ಧತಿ. ಮುಂದೊಂದು ಗಿಳಿ, ಹಿಂದೊಂದು ಗಿಳಿ. ಮಗಳು ಸಂಚಿಗೆ ಬಾಯಿಟ್ಟು ಏನು ಹೇಳಿದರೂ ಆ ಜೋಡಿ ಹಾರಿಬಂದು ಅವ್ವನ ಕಿವೀಲಿ ಹೇಳೋವಂತೆ. ಒಂಟಿಯಾಗಿ ಮಾತ್ರ ಹಾರೋವಲ್ಲ.

ಬೋರಣ್ಣನಿಗೆ ಮೂವರು ಹೆಣ್ಣುಮಕ್ಕಳು. ದೊಡ್ಡವಳಿಗೂ ನಡುವಿನವಳಿಗೂ ಎರಡೆರಡು ತುಂಡು ಬಟ್ಟೆ ಸೇರಿಸಿ ಸಂಚಿ ಹೊಲಿದು ಕಳಿಸಿದ. ಆಮೇಲೆ ಕಿರಿಯವಳು ಚೆಲುವಿ ಮದುವೆ ಬಂತು. ಬೋರಣ್ಣ ಬೀಗರೆದುರು ಮೀಸೆ ತಿರುವಿ, ಈ ಸಲ ತಳದಲ್ಲಿ ಹೊಲಿಗೇನೇ ಇಲ್ಲದ ಸಂಚಿ ಮಾಡ್ತೀನಿ, ಒಳಗೆ ಆನೆ ಕೂರಿಸಿದರೂ ಹರಿಯೋಲ್ಲ ಅಂದುಬಿಟ್ಟ. ಉದ್ದಕ್ಕೆ ಒಂದೇ ಬಟ್ಟೆ ಹಾಸಿ, ಆ ತುದಿಗೊಂದು ಈ ತುದಿಗೊಂದು ಗಿಳಿ ಒತ್ತೋಕೆ ಕೂತ. ಬಣ್ಣ ಕಲಸ್ತಾ ಇದ್ದ ಚೆಲುವಿ, ಅಪ್ಪಾ, ನಡುವೆ ಮಡಚಿದಾಗ ಈ ತುದಿ ಗಿಳಿ ತಲೆಕೆಳಗಾಗ್ತದೆ, ಇದಕ್ಕೆ ಅಚ್ಚು ತಿರುಗಿಸಿ ಒತ್ತು ಅಂದಳಂತೆ. ಮೊಮ್ಮಗಳು ಅಜ್ಜಿಗೆ ಕೆಮ್ಮು ಕಲಿಸಿದ ಹಾಗಾಯ್ತು ಅಂತ ಬೀಗರ ಮುಂದೆ ನಕ್ಕು, ಎರಡನ್ನೂ ಒಂದೇ ದಿಕ್ಕಿಗೆ ಒತ್ತಿದ.

ಮಡಚಿದ, ಎರಡು ಪಕ್ಕ ಹೊಲಿದ, ತಿರುಗಿಸಿ ನೋಡಿದ. ಹಿಂದಿನ ಗಿಳಿ ಕಾಲು ಮೇಲೆ, ತಲೆ ಕೆಳಗೆ. ಆಗಲೇ ಬಿಚ್ಚಿದ್ದರೆ ಮುಗೀತಿತ್ತು. ಬಿಚ್ಚಲಿಲ್ಲ. ಕುಂಚ ತಗೊಂಡು ಗಿಳಿಯ ಕಾಲಿಗೆ ಒಂದು ಕೊಂಬೆ ಬರೆದ, ಕೊಕ್ಕಿಗೆ ಒಂದು ಸೀಬೆಹಣ್ಣು ಬರೆದ, ಜೋತುಬಿದ್ದು ಹಣ್ಣು ತಿಂತಾ ಇದೆ ನೋಡಿ, ಮೂರು ಲೋಕದಲ್ಲಿ ಇಂಥದ್ದು ಯಾರು ಮಾಡಿದಾರೆ ಅಂದ. ಬೀಗರು ಭೇಷ್ ಅಂದರು. ಚೆಲುವಿ ಸಂಚಿ ಹೆಗಲಿಗೆ ಹಾಕ್ಕೊಂಡು ಏಳು ಹೊಳೆಯಾಚೆ ಹೋದಳು.

ಆಮೇಲೆ ಗೌರಿ ಹಬ್ಬ ಬಂತು. ದೊಡ್ಡವಳ ಗಿಳಿ ಬಂದವು, ನಡುವಿನವಳ ಗಿಳಿ ಬಂದವು, ಚೆಲುವಿಯವು ಬರಲಿಲ್ಲ. ಹೆಂಡತಿ ಹೊಂಬಾಳಮ್ಮ, ಒಂದು ಸಲ ಹೋಗಿ ನೋಡ್ಕೊಂಡು ಬನ್ನಿ ಅಂದಳು. ನಿನ್ನ ಮಗಳಿಗೆ ಜಂಬ, ಬೇಕಾದರೆ ಅವಳೇ ಹೇಳಿಕಳಿಸಲಿ ಅಂದ ಬೋರಣ್ಣ. ಸಂಚಿ ಕೆಟ್ಟಿದೆ ಅಂತ ಅವನ ಎದೆಗೆ ಗೊತ್ತಿತ್ತು, ಬಾಯಿ ಒಪ್ಪಲಿಲ್ಲ. ಎರಡನೇ ಗೌರಿಗೆ ಹೊಂಬಾಳಮ್ಮ ಬಾಗಿನದ ಮೊರ ತೊಡೆ ಮೇಲಿಟ್ಟುಕೊಂಡು ಬೇಡಿಕೊಂಡಳು. ಇವನು ಮಗ್ಗುಲಾಗಿ ಸುಳ್ಳು ಗೊರಕೆ ಹೊಡೆದ. ಮೂರನೇ ಗೌರಿಗೆ ಅವಳು ಕೇಳಲೇ ಇಲ್ಲ. ಕಿಟಕಿಗೆ ಕಿವಿ ಕೊಟ್ಟು ಮಲಗಿದ್ದೋಳು ಹಾಗೇ ಹೋಗಿಬಿಟ್ಟಳಂತೆ.

ಆವಾಗ ಹೊರಟ ನೋಡು ಬೋರಣ್ಣ. ಮನೆಯಷ್ಟು ದೊಡ್ಡ ಮೊಸಳೆ ಅವನನ್ನ ಬೆನ್ನ ಮೇಲೆ ಹೊತ್ತು ಏಳು ಹೊಳೆ ದಾಟಿಸಿತಂತೆ. ಇಷ್ಟು ದಿನ ಕಾಲಿಗೆ ಗೋರಂಟಿ ಹಚ್ಕೊಂಡಿದ್ದೆಯಾ ಅಂತ ದಾರಿಯುದ್ದ ಕೇಳಿತಂತೆ. ಮಾತಲ್ಲೇ ಮಂಟಪ ಕಟ್ಟೋನು, ಅವತ್ತು ಮೊಸಳೆ ಬೆನ್ನಿನ ಮುಳ್ಳು ಎಣಿಸ್ತಾ ಕೂತ.

ಅಂಗಳದಲ್ಲಿ ಒಂದು ಪುಟ್ಟ ಹೆಣ್ಣುಮಗು ಆಡ್ತಾ ಇತ್ತು. ಚೆಲುವಿ ಹೊರಗೆ ಬಂದು ಅಪ್ಪನ್ನ ನೋಡಿದಳು, ಅವನ ಬೆನ್ನ ಹಿಂದೆ ಯಾರಾದರೂ ಬರ್ತಾ ಇದಾರಾ ಅಂತ ನೋಡಿದಳು. ಇವನು ಸೀದಾ ಗೂಟಕ್ಕೆ ತೂಗುಹಾಕಿದ್ದ ಸಂಚಿ ತಗೊಂಡು, ಆನೆಗೂ ಹರಿಯದ ತನ್ನ ಹೊಲಿಗೇನ ಹಲ್ಲಲ್ಲೇ ಕಚ್ಚಿ ಕಚ್ಚಿ ಬಿಚ್ಚಿದ. ಬಟ್ಟೆ ನೆಲದ ಮೇಲೆ ಹರಡಿಕೊಂಡಿತು. ಎರಡು ಗಿಳೀನೂ ನೆಟ್ಟಗೆ ನಿಂತವು, ರೆಕ್ಕೆ ಕೊಡವಿ ಮೇಲೆದ್ದು ಮನೆ ಸುತ್ತ ಅವ್ವನ್ನ ಹುಡುಕಿದವು, ಸಿಗಲಿಲ್ಲ, ಬೋರಣ್ಣನ ಹೆಗಲ ಮೇಲೆ ಕೂತು ಚೆಲುವಿ ದನೀಲೇ ಹೇಳೋಕೆ ಶುರುಮಾಡಿದವಂತೆ.

ಅವ್ವಾ, ಇಲ್ಲಿ ಎಲ್ಲಾರೂ ಚೆನ್ನಾಗಿ ನೋಡ್ಕೋತಾರೆ, ಅಳಬೇಡ. ಅವ್ವಾ, ನನಗೀಗ ಏಳು ತಿಂಗಳು, ಬಾಣಂತನಕ್ಕೆ ಕರ್ಕೊಂಡು ಹೋಗು ಬಾ. ಅವ್ವಾ, ಹೆಣ್ಣುಮಗು, ನಿನ್ನದೇ ಮೂಗು, ಯಾಕೆ ಬರಲಿಲ್ಲ?

“ಕೇಳೋಳು ಹೋಗಿಬಿಟ್ಟಳು ಮಗಳೇ,” ಅಂದ ಬೋರಣ್ಣ. “ನಾನೇ ತಡಮಾಡಿದೆ.”

ಚೆಲುವಿ ಹೊಸಿಲ ಮೇಲೆ ಕೂತು ಸಾಕಾಗೋವರೆಗೆ ಅತ್ತಳು. ಆಮೇಲೆ ಎದ್ದು ಅಪ್ಪನಿಗೆ ಕಾಲು ತೊಳೆಯೋಕೆ ನೀರು ಕೊಟ್ಟಳು, ಎಲೆ ಹಾಕಿದಳು. ಅವನು ಅಲ್ಲೇ ಉಳಿದುಬಿಟ್ಟ. ಅಪ್ಪ ಮಗಳು ಸೇರಿ ಆ ಸೀಮೆಯ ಹೆಣ್ಣುಮಕ್ಕಳಿಗೆಲ್ಲ ಸಂಚಿ ಮಾಡಿಕೊಟ್ಟರು. ಅಚ್ಚು ಅವಳ ಕೈಲಿ, ಬಟ್ಟೆ ಹಿಡಿಯೋದು ಇವನು. ಮೊಮ್ಮಗಳು ಅವನ ತೊಡೆ ಏರಿ, ತಾತಾ, ಅಜ್ಜಿ ಹೆಂಗಿದ್ದಳು ಅಂತ ಕೇಳೋಳು. ನಿನ್ನಂಥದೇ ಮೂಗು ಅನ್ನೋನು, ಅದಕ್ಕಿಂತ ಮುಂದೆ ಅವನಿಗೇ ಗೊತ್ತಿರಲಿಲ್ಲ. ಜೀವಮಾನವೆಲ್ಲ ಅವನು ಮಾತಾಡಿದ್ದ, ಹೊಂಬಾಳಮ್ಮ ಕೇಳಿದ್ದಳು. ಮಿಕ್ಕಿದ್ದನ್ನ ಚೆಲುವಿ ಹೇಳೋಳು, ಬೋರಣ್ಣ ಹೂಂ ಹೂಂ ಅಂತ ಕೇಳೋನಂತೆ.

ಅವರ ಚಾಪೆ ಅಲ್ಲಿ, ನಮ್ಮ ಚಾಪೆ ಇಲ್ಲಿ, ಕತೆ ಮುಗೀತು ಕೂಸೇ, ಕಣ್ಣು ಮುಚ್ಚು.