ಹೂದಾನಿಯ ಹಠ

ವರದಮ್ಮನವರ ಷೋಕೇಸಿನಲ್ಲಿ ನೂರು ವರ್ಷದ ಜಪಾನಿ ಪಿಂಗಾಣಿ ಹೂದಾನಿಯೊಂದಿತ್ತು. ಅದರ ಮೈಮೇಲಿನ ಚಿನ್ನದ ಕೊಕ್ಕರೆಗಳು ಮಾಸಿದ್ದವು. ಪಕ್ಕದ ಹಿತ್ತಾಳೆ ತಂಬಿಗೆ ಹೇಳಿತು: "ಹುಣಸೆಹಣ್ಣು ಹಾಕಿ ತಿಕ್ಕಿಸಿಕೊ. ವಾರವಾರವೂ ನಾನು ಹೊಸದಾಗುವುದು ಹಾಗೆಯೇ."

ಹಿಂದೆ ನಿಂತಿದ್ದ ಪಿಂಗಾಣಿ ತಟ್ಟೆ ತಡೆಯಿತು: "ತಂಬಿಗೆ ಒಳಗೂ ಹೊರಗೂ ಹಿತ್ತಾಳೆ. ನಮ್ಮ ಚಿನ್ನ ಮೇಲೆ ಬಳಿದದ್ದು, ಉಜ್ಜಿದರೆ ಉಳಿಯದು."

"ನಾನು ಹೊಳೆದೇ ತೀರುತ್ತೇನೆ," ಎಂದಿತು ಹೂದಾನಿ.

ಹಬ್ಬದ ಹಿಂದಿನ ದಿನ ವರದಮ್ಮ ತಂಬಿಗೆಯನ್ನು ತೊಳೆಯಲು ಎತ್ತಿಕೊಂಡಾಗ ಹೂದಾನಿ, "ನನ್ನನ್ನೂ ಒಯ್ಯಿರಿ, ಅಮ್ಮ. ಚೆನ್ನಾಗಿ ಒತ್ತಿ ತಿಕ್ಕಿ," ಎಂದು ಪಟ್ಟು ಹಿಡಿಯಿತು. "ಇಷ್ಟು ಹಠವಿದ್ದರೆ ಬಾ," ಎಂದು ಅವರು ಬಚ್ಚಲಿಗೆ ಒಯ್ದು ತಿಕ್ಕಿದರು.

ಹೂದಾನಿ ಹಾಲಿನಷ್ಟು ಬೆಳ್ಳಗಾಗಿ ಷೋಕೇಸಿಗೆ ಮರಳಿತು. ತಂಬಿಗೆ ಅದನ್ನು ಮೇಲಿಂದ ಕೆಳಗೆ ನೋಡಿ ಕೇಳಿತು: "ಹೊಳೆಯುತ್ತಿದ್ದೀಯೆ, ನಿಜ. ಕೊಕ್ಕರೆಗಳೆಲ್ಲಿ?"