ಸೊಟ್ಟ ಹಾಳೆಗಳ ಪೊರೆ

“ಗುರುಗಳೇ, ಪಾಠಶಾಲೆಯ ಹುಡುಗರನ್ನು ನನಗೆ ಒಪ್ಪಿಸಿದಿರಿ. ಅಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ. ಒಬ್ಬನಿದ್ದ ಹಾಗೆ ಇನ್ನೊಬ್ಬನಿಲ್ಲ. ಚೆನ್ನಾಗಿ ಬಿಸಿ ಮುಟ್ಟಿಸಿ ಎಲ್ಲರನ್ನೂ ಒಂದೇ ಸಾಲಿಗೆ ತರಲೇ?” ಎಂದು ಶಿಷ್ಯ ಮಡಿವಾಳಯ್ಯ ಕೇಳಿದ.

ಗುರುಗಳು ನಕ್ಕು ಒಂದು ಕತೆ ಹೇಳಿದರು.

ಒಬ್ಬ ಕುಂಬಾರಗಿತ್ತಿ ಇದ್ದಳು. ಸೌದೆ ಸಿಗುವುದು ಕಷ್ಟವಾದಾಗ ಮಡಕೆ ಸುಡುವ ಗೂಡಿಗೆ ಗೋಬರ್ ಗ್ಯಾಸ್ ಹಾಕಿಸಿದಳು. ಆ ಗ್ಯಾಸಿನಲ್ಲಿ ಉರಿಯುವ ಅನಿಲದ ಜೊತೆಗೆ ಉರಿಯದ ಅನಿಲವೂ ಬೆರೆತಿತ್ತು. ಉರಿ ಸೊರಗಿತು, ಮಡಕೆ ಹಸಿಯಾಗಿಯೇ ಉಳಿಯಿತು. ಹೀಗೇ ಆದರೆ ಮಡಕೆ ಮಾಡುವ ಚಕ್ರ, ತಿಗರಿ, ಮೂಲೆ ಸೇರಬೇಕಲ್ಲ ಎಂದು ಅವಳು ಪೇಟೆಗೆ ಓಡಿದಳು.

ಪೇಟೆಯ ಕಾಲೇಜಿನ ರಸಾಯನಶಾಸ್ತ್ರದ ಮೇಡಂ ದಾರಿ ತೋರಿದರು. ಮಣ್ಣಿನ ಕೊಳವೆಗೆ ರಾಳ ಬಳಿದು, ಗಾಳಿಯಾಡದಂತೆ ಮುಚ್ಚಿ ಸುಟ್ಟರೆ ರಾಳ ತೆಳುವಾದ ಇಂಗಾಲದ ಪೊರೆಯಾಗುತ್ತದೆ. ಗ್ಯಾಸನ್ನು ಆ ಕೊಳವೆಯೊಳಗೆ ಹಾಯಿಸಿದರೆ, ಉರಿಯದ ಅನಿಲದ ಕಣ ಸಣ್ಣದಾದ್ದರಿಂದ ಅದು ಪೊರೆಯಲ್ಲಿ ನುಸುಳಿ ಹೊರಗೆ ಹೋಗುತ್ತದೆ. ಉರಿಯುವುದು ಒಳಗೇ ಉಳಿಯುತ್ತದೆ.

ಸುಡುವುದನ್ನು ಕುಂಬಾರಗಿತ್ತಿಗೆ ಯಾರು ಹೇಳಿಕೊಡಬೇಕು? ಬೆಂದಷ್ಟೂ ಗಟ್ಟಿ, ಬೆರಳಲ್ಲಿ ಬಡಿದರೆ ಟಣ್ ಎನ್ನಬೇಕು ಎಂಬುದು ಅವಳ ಕುಲದ ಪಾಠ. ಉಳಿದಿದ್ದ ಸೌದೆಯಲ್ಲಿ ಮುಕ್ಕಾಲು ಪಾಲು ಒಟ್ಟಿ ಕಾವು ಕೊಟ್ಟಳು. ಕೊಳವೆ ಕರ್ರಗೆ ಮಿನುಗಿತು, ಬಡಿದರೆ ಟಣ್ ಎಂದಿತು. ಆದರೆ ಪೊರೆಯಲ್ಲಿ ಯಾವ ಅನಿಲವೂ ನುಸುಳಲಿಲ್ಲ.

“ಇಷ್ಟು ಚೆನ್ನಾಗಿ ಬೆಂದದ್ದು ಹೇಗೆ ಕೆಟ್ಟಿತು, ಮೇಡಂ?”

“ಅತಿಯಾಗಿ ಬೆಂದೇ ಕೆಟ್ಟಿತು ಕಣಮ್ಮ. ಪೊರೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಹಾಳೆಗಳಿವೆ, ಅವು ಸಾಲಾಗಿ, ಒತ್ತಾಗಿ ಕೂತುಬಿಟ್ಟಿವೆ. ಒಂದಕ್ಕೊಂದು ಸೊಟ್ಟಗೆ ಬಿದ್ದಿದ್ದರೆ ತಾನೇ ನಡುವೆ ಸಂದು ಉಳಿಯುವುದು?”

ಕುಂಬಾರಗಿತ್ತಿ ಉಳಿದ ಚೂರುಪಾರು ಸೌದೆಯಲ್ಲಿ ಇನ್ನೊಂದು ಕೊಳವೆಯನ್ನು ಹದವಾಗಿ ಸುಟ್ಟಳು. ಇದೂ ಕೆಟ್ಟರೆ ಮತ್ತೆ ಸುಡಲು ಕಡ್ಡಿಯೂ ಇರಲಿಲ್ಲ. ಬಡಿದು ನೋಡುವ ಆಸೆಯನ್ನು ನುಂಗಿಕೊಂಡು ಕೊಳವೆ ಜೋಡಿಸಿದಳು, ಬೆಂಕಿಕಡ್ಡಿ ಗೀರಿದಳು. ಉರಿ ಭುಗ್ಗೆಂದು ನೀಲಿಯಾಗಿ ಎದ್ದಿತು. ಗೂಡು ಕೆಂಪಗೆ ಕಾಯಿತು. ಆರಿದ ಮೇಲೆ ಮೊದಲ ಮಡಕೆಯನ್ನು ಎತ್ತಿ ಬೆರಳಲ್ಲಿ ಬಡಿದಳು. ಟಣ್! “ಗೆದ್ದೆ!” ಎಂದು ಅವಳು ಕೂಗಿದ ಕೂಗಿಗೆ ಕೇರಿಗೆ ಕೇರಿಯೇ ಓಡಿಬಂತು. ಅಂದೇ ತಿಗರಿ ಮತ್ತೆ ತಿರುಗಿತು.

“ಭಲೇ!” ಎಂದು ಮಡಿವಾಳಯ್ಯ ತೊಡೆ ತಟ್ಟಿದ.

“ಸೊಟ್ಟ ಹಾಳೆಗಳಿಗೆ ಭಲೇ ಎಂದೆಯಲ್ಲ ಮಡಿವಾಳಯ್ಯ, ನಾಳೆ ಪಾಠಶಾಲೆಯಲ್ಲಿ ಎಷ್ಟು ಕಾವು ಕೊಡುತ್ತೀಯೆ?” ಎಂದರು ಗುರುಗಳು.